ರಟ್ಟಿನಡಿಯ ತುಂಬೆ

ಕಳೆ ಏಳದಂತೆ ನನ್ನ ಹೂವಿನ ಮಡಿಗೆ ಹಾಸಲು ಕೇಳಿ ಪಡೆದ ರಟ್ಟಿನ ಪೆಟ್ಟಿಗೆಗಳನ್ನು ರೇಷನ್ ಅಂಗಡಿಯ ಜಗಲಿಯಲ್ಲಿ ಕಟ್ಟುತ್ತಿದ್ದೆ. ಸಾಲಿನಲ್ಲಿ ನಮ್ಮ ಕೇರಿಯ ಪ್ರಸೀದಾ ಸೆರಗು ಹಿಂಡುತ್ತ ನಿಂತಿದ್ದಳು. ಹಿಂದಿದ್ದ ಓಮನಾ ಕೇಳಿದಳು:

“ನಿನ್ನ ಹಿತ್ತಲಿಗೂ ರಟ್ಟು ಹಾಸಿದ್ಯಲ್ಲ, ಕಳೆ ಹೋಯ್ತೇನೇ?”

“ಒಂದೂ ಇಲ್ಲ ಓಮನಾ ಚೇಚಿ. ಔಷಧಿ ಬೇಡ, ಖರ್ಚೂ ಇಲ್ಲ.”

“ಮತ್ತೆ ಮುಖ ಯಾಕೆ ಬಾಡಿದೆ?”

“ಕಳೆ ಜೊತೆ ತುಂಬೇನೂ ಹೋಯ್ತು. ನಾಳೆ ಓಣಂ.”

“ಪೇಟೆಯಿಂದ ಚೆಂಡುಹೂ ತಾ.”

“ಮಣ್ಣಿನ ಓಣತ್ತಪ್ಪನ ತಲೆ ಮೇಲೆ ತುಂಬೆ ಇಡ್ದೆ ಪೂಜೆ ಆಗುತ್ತಾ? ಹಾಸಿಗೆ ಹಿಡಿದಿರೋ ಅತ್ತೆ ಅದನ್ನೇ ಕೇಳ್ತಿದಾರೆ. ನಾನೇ ಮುಚ್ಚಿ ಕೊಂದೆ ಅಂತ ಹೇಗೆ ಹೇಳ್ಲಿ?”

“ಹಾಗಾದ್ರೆ ದೇವರ ತಲೆ ಮೇಲೂ ರಟ್ಟೇ ಇಡು.”

ಪ್ರಸೀದಾ ನಗಲಿಲ್ಲ. ಅಕ್ಕಿ ತೆಗೆದುಕೊಂಡು ಇಬ್ಬರೂ ಹೋದರು.

ನನ್ನ ಮಡಿಯಲ್ಲಿ ತುಂಬೆ ಬೆಳ್ಳಗೆ ಅರಳಿದೆ. ಇವತ್ತೇ ಮುಚ್ಚುವವಳಿದ್ದೆ. ನಾಳೆ ನಸುಕಿನಲ್ಲಿ ಬಾಳೆಲೆಯ ತುಂಬ ಕಿತ್ತು, ಯಾರೂ ಏಳುವ ಮೊದಲೇ ಪ್ರಸೀದಾಳ ಹೊಸ್ತಿಲ ಮೇಲಿಟ್ಟು ಬರಬೇಕು.