ಕಾರ್ಡಿನ ಬೆನ್ನು

...ಅಲ್ಲ ಡೋರೀನ್, ಮೊದಲು ಕೂತ್ಕೋ. ಕಾರ್ಡು ಎಲ್ಲೂ ಓಡಿಹೋಗಲ್ಲ, ಬ್ಯಾಗಲ್ಲೇ ಇದೆ. ಬೆಳಿಗ್ಗೆ ಏಳಕ್ಕೇ ಕ್ಯೂ ನಿಂತು ಕಾಲು ಮರಗಟ್ಟಿಹೋಗಿದೆ ನಂಗೆ. ತಗೋ, ಪ್ರೆಟ್ಸೆಲ್ ಅರ್ಧ ನಿಂದು. ಸಾಸಿವೆ ಜಾಸ್ತಿ ಹಾಕ್ಸಿದೀನಿ.

ಯಾಕೆ ನಗ್ತೀಯ? ಓ, ಅವನಾ... ಆ ಚಕ್ರದ ಪೆಟ್ಟಿಗೆ ಎಳ್ಕೊಂಡು ಹೋಗ್ತಿರೋನು? ಅವನು ಹೆಂಡ್ತಿ ಕೈಗಿಂತ ಆ ಪೆಟ್ಟಿಗೆ ಹಿಡಿ ಹಿಡ್ಕೊಂಡಿದ್ದೇ ಜಾಸ್ತಿ. ಬೇಸ್‌ಬಾಲ್ ಕಾರ್ಡು ಮಾರೋಕೆ, ಕೊಳ್ಳೋಕೆ ಅಂತ ಆರುನೂರು ಮೇಜು ಹಾಕಿದಾರೆ ಈ ಸಲ. ಓಹಾಯೋದ ಹುಚ್ಚರೆಲ್ಲ ಒಂದೇ ಸೂರಿನ ಕೆಳಗೆ. ನಾನೂ ಸೇರಿ, ಗೊತ್ತು. ನೀನು ಬಾಯಿಬಿಟ್ಟು ಹೇಳ್ಬೇಕಾಗಿಲ್ಲ.

ಆಯ್ತು, ಆಯ್ತು... ಅಪ್ಪನ ಕಾರ್ಡು. ನೀನು ಕ್ಲೀವ್‌ಲ್ಯಾಂಡಿಗೆ ಬಂದಿರೋದೇ ಅದಕ್ಕೆ, ನನ್ನ ಮುಖ ನೋಡೋಕಲ್ಲ. ಅಪ್ಪನ್ನ ಮಣ್ಣು ಮಾಡಿದ ದಿನ ನೀನು ಚುರುಟಿನ ಡಬ್ಬಿಯಿಂದ ಅದನ್ನ ತೆಗೆದು, 'ನಂಗೆ ಇದೊಂದೇ ಸಾಕು, ಮಿಕ್ಕಿದ್ದೆಲ್ಲ ನೀನೇ ಇಟ್ಕೋ' ಅಂದೆ. ನಾನೇ ನಿನ್ನ ಕೈಯಿಂದ ಇಸ್ಕೊಂಡೆ. ಇಲ್ಲಿ ಪರೀಕ್ಷಕರ ಕೈಲಿ ಅಂಕ ಹಾಕ್ಸಿ, ಗಟ್ಟಿ ಪ್ಲಾಸ್ಟಿಕ್ಕಲ್ಲಿ ಮೊಹರು ಮಾಡ್ಸಿ ಕೊಡ್ತೀನಿ, ನೂರು ವರ್ಷ ಕೆಡಲ್ಲ ಅಂದೆ. ಅಂದಿದ್ನೋ ಇಲ್ವೋ?

ಹೂಂ... ಗೊತ್ತು ಕಣೆ. ಅಪ್ಪನ ಬಲಗೈ ಬರಹ ಅಂತ ಉಳಿದಿದ್ದು ಅದೊಂದೇ. ಹತ್ತೊಂಬತ್ತನೇ ವಯಸ್ಸಿಗೇ ಕಾರ್ಖಾನೆ ಪ್ರೆಸ್ಸಿಗೆ ಆ ಕೈಯ ನಾಲ್ಕು ಬೆರಳು ಕೊಟ್ಟ. ನಾವು ಕಂಡಿದ್ದೆಲ್ಲ ಎಡಗೈ ಕೋಳಿಕಾಲೇ. ಆ ಕಾರ್ಡಿನ ಹಿಂದೆ ಮಾತ್ರ ಒಂಬತ್ತನೇ ವರ್ಷದಲ್ಲಿ ತನ್ನ ಹೆಸರು ಹಾಕಿ ಸೀಸದ ಕಡ್ಡೀಲಿ ಬರೆದಿದ್ದು, 'ಇದು ಕ್ಯಾಸ್‌ದು. ಮುಟ್ಟಿದ್ರೆ ಹಲ್ಲು ಮುರೀತೀನಿ.' ನೀನು ಅದನ್ನ ಓದಿ ಸ್ಮಶಾನಕ್ಕೆ ಹಾಕಿದ್ದ ಬಟ್ಟೇಲೇ ನಕ್ಕುಬಿಟ್ಟೆಯಲ್ಲ. ಆಮೇಲೆ ಅತ್ತೆ.

ಕೊಟ್ಟೆ, ತಗೋ. ಮುಂಭಾಗ ನೋಡು ಮೊದಲು. ಚೆಂಡೆಸೆಯೋ ಆ ಪಿಚರ್ ಮುಖದ ಬಣ್ಣ ನೋಡು, ನಿನ್ನೆ ಅಚ್ಚಾದ ಹಾಗಿದೆ. ಮೇಲೆ ಏನು ಬರೆದಿದಾರೆ? ಏಳು. ಹತ್ತಕ್ಕೆ ಏಳು, ಎಪ್ಪತ್ತು ವರ್ಷದ ಕಾರ್ಡಿಗೆ. ಆ ಕಡೆ ಮೇಜಿನ ವರ್ನನ್ ಇದಾನಲ್ಲ, ಯಾರನ್ನೂ ಹೊಗಳದ ಪ್ರಾಣಿ, ಅವನೇ ಎದ್ದು ಬಂದು ಕೈ ಕುಲುಕಿದ. ಮೂಲೆ ನೋಡು, ಒಂದೂ ಸವೆದಿಲ್ಲ... ಬೆನ್ನು ಆಮೇಲೆ ನೋಡುವೆಯಂತೆ, ಪ್ರೆಟ್ಸೆಲ್ ಆರಿಹೋಗುತ್ತೆ.

ಡೋರೀನ್...

ಸೀಸದ ಬರಹ ಅಲ್ವಾ, ಎಷ್ಟು ದಿನ ಇರುತ್ತೆ. ತಾನೇ ಮಾಸುತ್ತೆ. ಡಬ್ಬಿ ತುಂಬ ತೇವ ಬೇರೆ...

ಹಾಗೆ ನೋಡ್ಬೇಡ ನನ್ನ. ಬೈದುಬಿಡು, ಅದೇ ವಾಸಿ.

ಸರಿ. ಅಳಿಸಿದೆ. ನಾನೇ. ಬರಹ ಇದ್ರೆ ಅವರು ಮೂರು ಕೊಡ್ತಿದ್ರು. ಇಲ್ಲಿ ಬಂದಿರೋರಲ್ಲಿ ಅರ್ಧಕ್ಕರ್ಧ ಜನ ಮಾಡೋ ಕೆಲಸ ಅದು, ಮೆತ್ತನೆ ರಬ್ಬರು ತಗೊಂಡು ಹಗುರಕ್ಕೆ... ಕೈ ತಾನಾಗೇ ಹೋಗುತ್ತೆ. ನಿನಗೋಸ್ಕರ ಮಾಡಿದೆ ಅಂತ ಹೇಳೋಣ ಅಂದ್ಕೊಂಡೇ ಬಂದೆ. ಸುಳ್ಳು. ಮೂವತ್ತೈದು ವರ್ಷದಿಂದ ಈ ಹಾಲಲ್ಲಿ ತಿರುಗಿದೀನಿ, ವರ್ನನ್ ಒಂದು ದಿನ ನನ್ನ ಮೇಜಿಗೆ ಎದ್ದು ಬಂದೋನಲ್ಲ. ಅಪ್ಪನ ಕಾರ್ಡಿಗೆ ಮೂರು ಅಂತ ಅವನ ಮುಂದೆ ತೋರ್ಸೋಕೆ ನಾಚಿಕೆ ಆಯ್ತು. ಅಷ್ಟೇ.

ಆ ದೀಪದ ಕಡೆ ಯಾಕೆ ಎತ್ತಿ ಹಿಡೀತಿದೀಯ?

ಬೇಡ, ಓರೆ ಮಾಡಿ ಹುಡುಕ್ಬೇಡ ಡೋರೀನ್. ಸಿಗಲ್ಲ. ಅಪ್ಪ ಒತ್ತಿ ಬರೆದಿದ್ದ, ಹೌದು. ರಬ್ಬರು ಹಾಕಿದ ಮೇಲೂ ಅಚ್ಚು ಹಾಗೇ ಉಳಿದಿತ್ತು. ಕಣ್ಣು ಮುಚ್ಚಿದ್ರೂ 'ಕ್ಯಾಸ್' ಅನ್ನೋದು ಬೆರಳಿಗೆ ತಾಕ್ತಿತ್ತು. ಆಗಲಾದ್ರೂ ನಿಲ್ಲಿಸಬಹುದಿತ್ತು ನಾನು.

ಆ ಅಚ್ಚನ್ನೂ ಚಮಚದ ಬೆನ್ನಲ್ಲಿ ಉಜ್ಜಿ ಸಮ ಮಾಡಿದೆ. ಎರಡು ದಿನ ಹಿಡೀತು.