ಸೊನ್ನೆಯಾಗದ ಸ್ವರ

ಸಂಜೆಯ ಮಳೆಗೆ ಲೋಕಲ್ ರೈಲು ಬೈಕುಲ್ಲಾದಲ್ಲಿಯೇ ನಿಂತುಬಿಟ್ಟಿತು. ಹಳಿಯ ಮೇಲಿನ ನೀರು ಇಳಿಯುವವರೆಗೆ ಯಾರೂ ಮನೆ ಸೇರುವಂತಿರಲಿಲ್ಲ. ಸ್ಟೇಷನ್ನಿನ ಎದುರು ಕಾಂತಪ್ಪನ ಹೋಟೆಲಿನಲ್ಲಿ ಕನ್ನಡದವರು ಕೆಲವರು ಚಹಾ ಹಿಡಿದು ಕುಳಿತಿದ್ದೆವು. ಮಾತು ಹೊರಳಿ ಹೊರಳಿ ದೆವ್ವಗಳ ಕಡೆಗೆ ಹೋಯಿತು.

“ದೆವ್ವ ಹಳ್ಳ್ಯಾಗ ಇರ್ತಾವ್ರೀ,” ಎಂದು ಗಾರೆ ಕೆಲಸದ ಚಂದ್ರಾಮ ನಕ್ಕ. “ಈ ಮುಂಬೈದಾಗ ಅವಕ್ಕ ಖೋಲಿ ಯಾರು ಕೊಡ್ತಾರ?”

ಮೂಲೆಯಲ್ಲಿದ್ದ ಮುದುಕರು, ಬಸವಂತರಾಯರು, ಬಟ್ಟಲನ್ನು ಕೆಳಗಿಟ್ಟರು. ಒಂದು ಕಾಲಕ್ಕೆ ಶಾಲೆಯಲ್ಲಿ ಗಣಿತ ಕಲಿಸಿ, ಆಮೇಲೆ ಈ ಊರಿಗೆ ಬಂದು ಧ್ವನಿಯಂತ್ರಗಳ ಕೆಲಸ ಹಿಡಿದವರು; ಮಾತು ಕಡಿಮೆ.

“ಖೋಲಿ ಯಾಕ ಬೇಕೋ ಚಂದ್ರಾಮ? ಎರಡು ತಂತಿ ಸಾಕು,” ಎಂದರು. ಆಮೇಲೆ ಹೇಳತೊಡಗಿದರು.

ಕೇಳಿರಿ. ಅರವತ್ತೊಂಬತ್ತರ ಮಳೆಗಾಲ. ಇದೇ ಬೈಕುಲ್ಲಾದ ಗೋದಾಮೊಂದರ ಮಾಳಿಗೆಯಲ್ಲಿ ಖಾಸಗಿ ಸ್ಟುಡಿಯೋ ಇತ್ತು. ರೇಡಿಯೊಗೆ ಕಳಿಸುವ ಕಾರ್ಯಕ್ರಮಗಳನ್ನು ಅಲ್ಲಿ ಮುದ್ರಿಸುತ್ತಿದ್ದರು. ನಡೆಸುವವನು ಉಡುಪಿ ಕಡೆಯ ದೂಜ. ಯಂತ್ರಗಳ ಹೊಣೆ ನನ್ನದು. ವಾರಕ್ಕೊಮ್ಮೆ ಶೀಲಾವತಿ, ವಿನೋದಿನಿ ಎಂಬ ಅಕ್ಕತಂಗಿಯರು ಬಂದು, ಎರಡು ಮೈಕಿನ ಮುಂದೆ ಕುಳಿತು, ಅವಳೊಂದು ಸಾಲು ಇವಳೊಂದು ಸಾಲು ಎಂಬಂತೆ ಕನ್ನಡದಲ್ಲಿ ಕತೆ ಓದುತ್ತಿದ್ದರು. ಆ ಆಷಾಢದಲ್ಲಿ ಅಕ್ಕ ಶೀಲಾವತಿ ಕಾಮಾಲೆಯಿಂದ ತೀರಿಕೊಂಡಳು. ತಂಗಿ ಬಂದು ಕೇಳಿದ್ದು ಒಂದೇ: ಅಕ್ಕನ ಸ್ವರವಿರುವ ಟೇಪು ಒಂದಾದರೂ ಕೊಡಿ. ಎಲ್ಲಿಂದ ಕೊಡುವುದು? ಟೇಪು ಸಿಗುವುದೇ ಕಷ್ಟವಾಗಿದ್ದ ಕಾಲ. ಪ್ರಸಾರವಾಗಿ ಮರಳಿದ ಟೇಪನ್ನು ಅಳಿಸಿ, ಅದರ ಮೇಲೆಯೇ ಹೊಸದನ್ನು ಮುದ್ರಿಸುವುದು ನಮ್ಮ ಪದ್ಧತಿ. ಶೀಲಾವತಿಯ ಸ್ವರ ಎಲ್ಲಿಯೂ ಉಳಿದಿರಲಿಲ್ಲ... ಎಂದು ನಾವು ತಿಳಿದಿದ್ದೆವು.

ಆಗಲೇ ಹೊಸ ಮಿಕ್ಸರ್ ಬಂದಿತು. ಮಿಕ್ಸರ್ ಎಂದರೆ ಹಲವು ಮೈಕುಗಳ ಸ್ವರವನ್ನು ಕೂಡಿಸಿ ಒಂದಾಗಿಸುವ ಮೇಜು. ಪ್ರತಿ ಮೈಕಿಗೂ ಪಟ್ಟಿಯಂಥ ಒಂದು ಚಾನೆಲ್ ಮಾಡ್ಯೂಲ್. ಅದರೊಳಗಿನ ಸಣ್ಣ ಸ್ವಿಚ್ಚನ್ನು ಟೇಪಿಗೋ ಮೈಕಿಗೋ ಎಂದು ಮೊದಲೇ ನಿಲ್ಲಿಸಿ, ಮಾಡ್ಯೂಲನ್ನು ಅದರ ಗೂಡಿನೊಳಗೆ ಸರಿಸಿ, ಹಿಂದೆ ಕಚ್ಚಿಕೊಳ್ಳುವಂತೆ ಒತ್ತಿ, ಸ್ಕ್ರೂ ಬಿಗಿಯಬೇಕು. ಹಾಗೆಯೇ ಮಾಡಿದೆ.

ಕೂರಿಸಿದ ಮೇಲೆ ಪರೀಕ್ಷೆ. ಎರಡು ಮೈಕುಗಳನ್ನು ತಲೆಗೆ ತಲೆ ಹಚ್ಚಿ ಇಟ್ಟು, ಒಬ್ಬರನ್ನು ಮಾತಾಡಿಸಿ, ಎರಡೂ ಚಾನೆಲಿನ ಸದ್ದು ಏರಿಸುವುದು. ಸ್ವರ ಇಮ್ಮಡಿಯಾದರೆ ಜೋಡಣೆ ಸರಿ. ಒಂದು ಮಾಡ್ಯೂಲಿನೊಳಗೆ ತಂತಿಗಳು ಅದಲುಬದಲಾಗಿದ್ದರೆ, ಒಂದರ ಸ್ವರ ಇನ್ನೊಂದರ ಸ್ವರವನ್ನು ಕಳೆದುಬಿಡುತ್ತದೆ. ಒಂದರಲ್ಲಿ ಒಂದು ಕಳೆದರೆ ಉಳಿಯುವುದೆಷ್ಟು? ಸೊನ್ನೆ. ಅದರ ಮೇಲೆ ಸಂಶಯವುಂಟೇ?

ಆ ವಾರದ ಕತೆ ಓದಲು ಬಂದಿದ್ದ ವಿನೋದಿನಿ ಹೆಡ್‌ಫೋನ್ ಹಾಕಿಕೊಂಡು ಗಾಜಿನಾಚೆಯ ಕೋಣೆಯಲ್ಲಿ ಓದತೊಡಗಿದಳು. ಮೊದಲನೆಯ ಚಾನೆಲ್ ಸರಿ. ಎರಡನೆಯದೂ ಸರಿ. ಎರಡನ್ನೂ ಕೂಡಿ ಏರಿಸಿದೆ... ತುಟಿ ಆಡುತ್ತಿದೆ, ಸ್ವರವಿಲ್ಲ.

“ಎಂತ ಮಾರಾಯ್ರೆ, ಹೊಸ ಸಾಮಾನು ಬರುವಾಗಲೇ ಮೂಕವಾ?” ಎಂದ ದೂಜ.

“ತಂತಿ ಉಲ್ಟಾ ಆಗ್ಯಾವ. ತಡಿ, ಸರಿ ಮಾಡ್ತೀನಿ.”

ಆಗ ಆ ಸೊನ್ನೆಯೊಳಗಿಂದ ಬೇರೆ ಒಂದು ಸ್ವರ ಬಂದಿತು. ಓದುವ ಸ್ವರವಲ್ಲ; ಹುಡುಕುವ ಸ್ವರ.

“ವಿನ್ನೂ... ಎಲ್ಲಿದ್ದಿ ನೀನು? ನಿನ್ನ ಸ್ವರವೇ ಕೇಳುದಿಲ್ಲ ನನಗೆ.”

ವಿನೋದಿನಿ ಓದು ನಿಲ್ಲಿಸಿದಳು, ಅದು ನಿಲ್ಲಲಿಲ್ಲ. ದೂಜ ಬಾಯಿಗೆ ಒಯ್ದಿದ್ದ ಬೀಡಾ ಕೈಯಲ್ಲಿಯೇ ಉಳಿಯಿತು. ಬೇರೆ ರೇಡಿಯೊ ಸ್ಟೇಷನ್ನಿನ ಸದ್ದು ನುಸುಳಿತೇ? ನನ್ನ ಕಿವಿಯ ದೋಷವೇ? ನಾನು ಇನ್ನೂ ಲೆಕ್ಕ ಹಾಕುತ್ತಿರುವಾಗಲೇ ವಿನೋದಿನಿ ಬಾಗಿಲು ದೂಡಿ ನಮ್ಮ ಕೋಣೆಗೆ ಓಡಿಬಂದಳು.

“ಅಕ್ಕನ ಸ್ವರ ಅದು! ತಂತಿ ಮುಟ್ಟಬೇಡಿ, ರಾಯರೆ!”

“ಸಂಜೆಯೊಳಗೆ ಟೇಪು ಹೋಗದಿದ್ರೆ ಕಾರ್ಯಕ್ರಮ ಬೇರೆಯವರಿಗೆ ಹೋಗ್ತದೆ, ಗೊತ್ತುಂಟಾ?” ಎಂದ ದೂಜ.

ಆಕೆ ಅವನತ್ತ ನೋಡಲಿಲ್ಲ. ನನಗೇ ಹೇಳಿದಳು: “ನನ್ನ ಸ್ವರ ಇಲ್ಲಿ ಅಳಿಸಿ ಹೋಗ್ತದಲ್ಲ, ಅದಕ್ಕೇ ಅವಳಿಗೆ ಕೇಳುದಿಲ್ಲ. ಒಮ್ಮೆ ಸರಿ ಮಾಡಿ, ರಾಯರೆ. ಒಂದೇ ಮಾತು ಹೇಳ್ತೇನೆ. ಮತ್ತೆ ಹೀಗೇ ಮಾಡಿ, ಅವಳೆಂತ ಹೇಳ್ತಾಳೆ ಕೇಳಬೇಕು.”

ಯೋಚಿಸಿರಿ. ತಂತಿ ಸರಿಯಿದ್ದರೆ ತಂಗಿಯ ಮಾತು ಅಕ್ಕನಿಗೆ. ತಪ್ಪಾಗಿದ್ದರೆ ಅಕ್ಕನ ಮಾತು ತಂಗಿಗೆ. ಎರಡೂ ಒಮ್ಮೆಗೇ ಇಲ್ಲ. ಇದು ಯಾವ ಶಾಸ್ತ್ರ? ತಿಳಿಯದೆಯೇ ಮಾಡ್ಯೂಲ್ ಹೊರಗೆಳೆದು, ಬೆಸುಗೆ ಬಿಡಿಸಿ, ತಂತಿ ಬದಲಿಸಿ, ಮತ್ತೆ ಕೂರಿಸಿದೆ. ಆಕೆ ಗಾಜಿನಾಚೆ ಹೋಗಿ ಮೈಕಿನ ಹತ್ತಿರ ಬಾಗಿದಳು. ಸ್ವರ ಕೋಣೆ ತುಂಬ ಇಮ್ಮಡಿಯಾಗಿ ಮೊಳಗಿತು.

“ಅಕ್ಕಾ, ನಾನಿಲ್ಲೇ ಇದ್ದೇನೆ. ಒಬ್ಬಳೇ ಓದಲಿಕ್ಕೆ ಆಗುದಿಲ್ಲ ನನಗೆ.”

ಮತ್ತೆ ಬಿಚ್ಚಿದೆ, ಮತ್ತೆ ತಪ್ಪಾಗಿಯೇ ಬೆಸೆದೆ. ಎರಡೂ ಚಾನೆಲ್ ಏರಿಸಿದೆ... ಬಹಳ ಹೊತ್ತು ಏನೂ ಇಲ್ಲ. ಆಮೇಲೆ, ಬಹಳ ಹತ್ತಿರದಿಂದ:

“ಅಳಬೇಡ. ಬಂದೆ.”

ಅಷ್ಟೇ. ಆ ಚಾನೆಲುಗಳಲ್ಲಿ ಮತ್ತೆ ಆ ಸ್ವರ ಬರಲಿಲ್ಲ. ವಿನೋದಿನಿ ಕಣ್ಣೊರೆಸಿಕೊಂಡು, “ಇನ್ನು ಸರಿ ಮಾಡಿ,” ಎಂದಳು. ಒಂದೇ ಮೈಕು, ಒಬ್ಬಳೇ ಓದಿದಳು. ಸಂಜೆಗೆ ಮುಂಚೆ ಟೇಪು ಹೋಯಿತು. ನಾನು ಮಿಕ್ಸರನ್ನು ಬಗೆಬಗೆಯಾಗಿ ಪರೀಕ್ಷಿಸಿದೆ. ಆ ತಂತಿಯ ಹೊರತು ಬೇರೆ ದೋಷವಿರಲಿಲ್ಲ.

“ಅಂದ್ರ ಆಕಿ ಹೋದಳು, ಮುಗೀತು?” ಎಂದ ಚಂದ್ರಾಮ. ಈಗ ನಗುತ್ತಿರಲಿಲ್ಲ.

“ಎಲ್ಲಿಂದ ಹೋದಳು, ಎಲ್ಲಿಗೆ ಹೋದಳು... ಅದೇ ನನಗ ತಿಳಿವಲ್ದು,” ಎಂದು ರಾಯರು ಮತ್ತೆ ಮುಂದುವರಿಸಿದರು.

ಆ ಸ್ಟುಡಿಯೋ ಮುಚ್ಚಿತು. ಆ ಮಿಕ್ಸರ್ ಗುಜರಿಗೆ ಹೋಯಿತು. ವಿನೋದಿನಿ ಮಾತ್ರ ಬೇರೆ ಸ್ಟುಡಿಯೋದಲ್ಲಿ, ಬೇರೆ ಮೈಕಿನ ಮುಂದೆ, ಈಗಲೂ ಓದುತ್ತಾಳೆ. ನಾಳೆ ಬೆಳಿಗ್ಗೆಯೂ ಆಕೆಯ ಕತೆ ಇದೆ. ರೇಡಿಯೊ ಹಚ್ಚಿರಿ, ಕಿವಿ ಹತ್ತಿರ ಒಯ್ಯಿರಿ. ಸ್ವರ ಒಂದೇ, ಅನುಮಾನವಿಲ್ಲ. ಆದರೆ ಉದ್ದ ಸಾಲು ಬಂದಾಗ ಗಮನಿಸಿರಿ... ಮಾತು ಇನ್ನೂ ನಡೆದಿರುತ್ತದೆ, ಅದರ ನಡುವೆಯೇ ಯಾರೋ ಮೆಲ್ಲಗೆ ಉಸಿರು ಎಳೆದುಕೊಳ್ಳುತ್ತಾರೆ. ಮಾತಾಡುತ್ತಿರುವಾಗಲೇ ಉಸಿರನ್ನು ಒಳಗೆ ಎಳೆದುಕೊಳ್ಳಲು ಒಬ್ಬಳಿಂದ ಆಗುತ್ತದೆಯೇ? ಇಲ್ಲಿಯೇ ಕುಳಿತು, ಒಮ್ಮೆ ಮಾಡಿ ನೋಡಿರಿ.