ಮಂಚದ ಮೇಲಿನ ಒದ್ದೆ ಟವೆಲ್

ವೇದಿಕೆಯ ಏಕೈಕ ಗಟ್ಟಿ ಕುರ್ಚಿಯನ್ನು ಅಲಂಕರಿಸಿರುವ ಅಧ್ಯಕ್ಷರೇ, ಲಿಫ್ಟ್ ಕೆಟ್ಟಿದ್ದರಿಂದ ಮೆಟ್ಟಿಲು ಹತ್ತಿ ಬಂದು ಇನ್ನೂ ಏದುಸಿರು ಬಿಡುತ್ತಿರುವ ಮುಖ್ಯ ಅತಿಥಿಗಳೇ, ಕೊನೆಯಲ್ಲಿ ಊಟವಿದೆ ಎಂಬ ಅಚಲ ನಂಬಿಕೆಯಿಂದ ಕೂತಿರುವ ಸಭಿಕರೇ,

ನಮ್ಮ ವಸತಿ ಸಮುಚ್ಚಯದ ವಾರ್ಷಿಕೋತ್ಸವದಲ್ಲಿ ನನಗೆ ‘ಆದರ್ಶ ನಿವಾಸಿ’ ಫಲಕ ಕೊಟ್ಟು, ಒಳ್ಳೆಯ ಅಭ್ಯಾಸಗಳನ್ನು ಉಳಿಸಿಕೊಳ್ಳುವುದು ಹೇಗೆಂದು ಹೇಳಲು ಅಪ್ಪಣೆ ಮಾಡಿದ್ದೀರಿ. ನನ್ನ ಮನೆಯಲ್ಲಿ ನಲ್ಲಿ ತೊಟ್ಟಿಕ್ಕುವುದಿಲ್ಲ, ಚಪ್ಪಲಿ ಅಡ್ಡಾದಿಡ್ಡಿ ಬಿದ್ದಿರುವುದಿಲ್ಲ, ಖಾಲಿ ಕೋಣೆಯಲ್ಲಿ ದೀಪ ಉರಿಯುವುದಿಲ್ಲ. ನಿಜ. ಆದರೆ ಹೋದ ವರ್ಷ ಈ ಫಲಕ ಕೊಟ್ಟಿದ್ದರೆ ನನ್ನ ಹೆಂಡತಿ ಅದರಿಂದಲೇ ನನ್ನ ತಲೆಗೆ ಕುಟ್ಟುತ್ತಿದ್ದಳು.

ಮದುವೆಯಾದಾಗಿನಿಂದ ಅವಳು ನನ್ನನ್ನು ತಿದ್ದಲು ಪಟ್ಟ ಪಾಡು ಸಾಮಾನ್ಯವೇ? “ಖಾಲಿ ರೂಮು ಏನು ಪರೀಕ್ಷೆಗೆ ಓದ್ಕೊಳ್ತಿದೆಯಾ? ಲೈಟ್ ಆರಿಸ್ರೀ!” ಒದ್ದೆ ಟವೆಲನ್ನು ಮಂಚದ ಮೇಲೆ ಎಸೆದರೆ, “ಮಂಚಕ್ಕೂ ಸ್ನಾನ ಮಾಡಿಸ್ತಿದೀರಾ?” ನಾನು ತಿದ್ದಿಕೊಂಡೆನೇ? ಛೆ, ನನಗೂ ಒಂದು ಸ್ವಾಭಿಮಾನ ಇರಲಿಲ್ಲವೇ!

ಆಮೇಲೆ ಅವಳ ಅಕ್ಕ ಜಾರಿ ಬಿದ್ದು ಕಾಲು ಮುರಿದುಕೊಂಡರು. ಇವಳು ನೋಡಿಕೊಳ್ಳಲು ಹೋದಳು. ಮರುದಿನ ಮನೆ ಎಷ್ಟು ಸುಮ್ಮನಿತ್ತೆಂದರೆ, ಫ್ರಿಜ್ಜಿನ ಗುರುಗುರು ಕೇಳಿ ಯಾರೋ ಬಂದರೆಂದು ಎದ್ದು ಹೋದೆ. ನಡುಮನೆಯಲ್ಲಿ ದೀಪ ಉರಿಯುತ್ತಿತ್ತು. ಸ್ವಿಚ್ಚಿಗೆ ಕೈ ಹಾಕಿದ್ದೇ ತಡ, ಕಿವಿಯಲ್ಲಿ ಸ್ಪಷ್ಟವಾಗಿ: “ಖಾಲಿ ರೂಮು ಏನು ಪರೀಕ್ಷೆಗೆ…” ನಾನೇನು ಮಾಡಿದೆ ಗೊತ್ತೇ? ಮನೆಯ ದೀಪಗಳನ್ನೆಲ್ಲ ಹಾಕಿ, ಒಂದೊಂದಾಗಿ ಆರಿಸಿದೆ.

ಅಭ್ಯಾಸ ಬೆಳೆದದ್ದು ಹೀಗೆ, ಸಭಿಕರೇ. ನಾನು ನಲ್ಲಿಯನ್ನು ಬಿಗಿಯಾಗಿ ನಿಲ್ಲಿಸಿದ್ದು ನೀರು ಉಳಿಸುವ ಆಸೆಯಿಂದಲ್ಲ. ನಿಲ್ಲಿಸುವಾಗ ಕಿವಿಯಲ್ಲಿ ಅವಳ ಬೈಗುಳ ಕೇಳುತ್ತಿತ್ತು, ಅದಕ್ಕೇ ನಿಲ್ಲಿಸಿದೆ.

ಆದರೆ ಅಭ್ಯಾಸ ಗಟ್ಟಿಯಾದರೆ ಏನಾಗುತ್ತದೆ ಎಂದು ಯಾರೂ ಹೇಳುವುದಿಲ್ಲ. ಕೈ ತಾನಾಗಿಯೇ ಸ್ವಿಚ್ಚಿಗೆ ಹೋಗುತ್ತದೆ. ದೀಪ ಆರಿದ್ದೇ ನನಗೆ ಗೊತ್ತಾಗುವುದಿಲ್ಲ. ಅವಳ ಧ್ವನಿ ಬರುವುದೇ ಇಲ್ಲ.

ಇನ್ನು ಎದುರುಮನೆ ಅಕ್ಕನವರು. ಇವರಿಗೆ ಹೇಗೆ ಧನ್ಯವಾದ ಹೇಳಲಿ? ನನ್ನ ಮನೆ ಫಳಫಳ ಹೊಳೆಯುವುದನ್ನು ಇವರು ದಿನವೂ ನನ್ನ ಹೆಂಡತಿಗೆ ಫೋನಿನಲ್ಲಿ ವರದಿ ಮಾಡುತ್ತಾರೆ. ಅಲ್ಲಿ ಅವಳ ಅಕ್ಕನ ಮುರಿದ ಕಾಲು ವಾಸಿಯಾಗಿ, ಈಗ ಅಂಗಡಿಯವನ ಹತ್ತಿರ ಜಗಳಕ್ಕೂ ಹೋಗಿ ಬರುತ್ತಿದೆಯಂತೆ. ಆದರೂ ನನ್ನಾಕೆ, “ನಾನಿಲ್ದೇನೇ ಮನೆ ಅಷ್ಟು ಚೆನ್ನಾಗಿದೆಯಂತಲ್ಲ, ಇನ್ನೊಂದಿಷ್ಟು ದಿನ ಇದ್ದು ಬರ್ತೀನಿ” ಎಂದಳು. ನಾನು ಏನಾದರೂ ಹೇಳಲಿ ಎಂದು ಕಾದಳೇನೋ. ಆದರ್ಶ ನಿವಾಸಿ ಏನೆಂದ? “ನಿಧಾನಕ್ಕೆ ಬಾ, ನನಗೇನು ತೊಂದ್ರೆ?”

ಅಕ್ಕಾವ್ರೇ, ನಾನು ಮಾತು ಶುರು ಮಾಡಿದಾಗಿನಿಂದ ಫೋನು ಎತ್ತಿ ಹಿಡಿದು ರೆಕಾರ್ಡ್ ಮಾಡುತ್ತಿದ್ದೀರಿ, ಕೈ ನೋಯುತ್ತಿರಬಹುದು. ಇನ್ನೊಂದೇ ಒಂದು ನಿಮಿಷ. ಇದನ್ನು ಯಾರಿಗೆ ಕಳಿಸುತ್ತೀರೆಂದು ಈ ಸಭೆಗೇ ಗೊತ್ತು.

ಏ, ಕೇಳಿಸ್ತಿದೆಯಾ? ಇವತ್ತು ಬೆಳಿಗ್ಗೆ ಸ್ನಾನ ಮಾಡಿ, ಟವೆಲನ್ನು ಹಿಂಡದೆ, ಮಂಚದ ಮೇಲೆ ನಿನ್ನ ಜಾಗದಲ್ಲೇ ಎಸೆದು ಬಂದಿದ್ದೀನಿ. ನಾನಂತೂ ತೆಗೆಯಲ್ಲ. ಬೈಯ್ಯೋದಿದ್ರೆ ಫೋನಲ್ಲಿ ಬೇಡ, ಬಂದು ಬೈಯ್ಯಿ. ಬೇಗ ಬಾ.

ಈ ಕೊನೆಯ ಎರಡು ಪದಗಳ ಅಭ್ಯಾಸ ನನಗಿಲ್ಲ, ಸಭಿಕರೇ. ಫಲಕವನ್ನು ಅಧ್ಯಕ್ಷರ ಬಳಿಯೇ ಬಿಟ್ಟು ಹೋಗುತ್ತೇನೆ, ಸದ್ಯಕ್ಕೆ ನಾನು ಅದಕ್ಕೆ ಲಾಯಕ್ಕಲ್ಲ. ಹಸಿದ ಹೊಟ್ಟೆಯಲ್ಲೂ ಇಷ್ಟು ಹೊತ್ತು ಕೇಳಿದ ನಿಮಗೂ, ಕೈ ಇಳಿಸದ ಅಕ್ಕನವರಿಗೂ ಧನ್ಯವಾದ. ನಮಸ್ಕಾರ.